ಹಸುವೆಂದು ಹೇಳಿದ ಮೇಲೆ

ನಡುಹಗಲು ಕಳೆದು, ಸಂಜೆ ಇನ್ನೂ ಊರಿನ ಎಲ್ಲೆಗೆ ಬಾರದಿದ್ದ ಹೊತ್ತು. ಜಗಲಿಯ ಕಲ್ಲುಚಪ್ಪಡಿಯ ಮೇಲೆ ಒಂದು ಪುಟ್ಟ ಬಿಳಿಯ ನಾಯಿ ಪಕ್ಕಕ್ಕೆ ಒರಗಿ ಮಲಗಿತ್ತು. ರೇಷ್ಮೆಹುಳು ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯೊಂದು ಖಾಲಿಯಾಗಿ ಗೋಡೆಗೆ ಆನಿಕೊಂಡಿತ್ತು. ಅದರ ಸುರುಳಿ ಸುರುಳಿಯಾದ ನೆರಳು ನಾಯಿಯ ಮೈಮೇಲೆ ಬಿದ್ದು, ಯಾವುದೋ ದೊಡ್ಡ ಹುಳು ಅಲ್ಲೊಂದು ಗೂಡು ಕಟ್ಟಿ ಮುಗಿಸಿ ಒಳಗೆ ಅಡಗಿಕೊಂಡಂತೆ ಕಾಣುತ್ತಿತ್ತು. ತಲೆಯ ಬಳಿ ಒಂದು ತಟ್ಟೆ ನೀರು. ನೀರಿನೊಳಗೆ ಒಂದು ತುಂಡು ಆಕಾಶ. ಆಕಾಶದ ಮೇಲೆ ತೇಲುವುದನ್ನೂ ಮರೆತ ಒಂದು ಬೇವಿನೆಲೆ. ಹೊಟ್ಟೆಗೆ ಒತ್ತಿಕೊಂಡು ಮೂರು ಮರಿಗಳು ನಿದ್ದೆಹೋಗಿದ್ದವು. ಮೂಗಿನ ತುದಿಯಲ್ಲಿ ಒಂದು ನೊಣ ಕುಳಿತೇ ಇತ್ತು. ಅದನ್ನು ಓಡಿಸುವ ಇಚ್ಛೆ ಆ ಮೂಗಿಗೆ ಉಳಿದಿರಲಿಲ್ಲ. ನಾಲ್ಕು ಕಾಲುಗಳೂ ಮಗುಚಿಟ್ಟ ಸ್ಟೂಲಿನ ಕಾಲುಗಳಂತೆ ನೆಟ್ಟಗೆ ಚಾಚಿಕೊಂಡಿದ್ದವು. ಎಲ್ಲವೂ ಚಿತ್ರದಲ್ಲಿ ನಿಂತಂತೆ ನಿಂತಿತ್ತು. ನಿಲ್ಲದೆ ಇದ್ದುದು ಒಂದೇ: ಬೆರಳು ತೆಗೆದ ಮೇಲೂ ತಂತಿಯಲ್ಲಿ ಉಳಿಯುವ ಕಂಪನದಂತೆ, ಆ ಬಿಳಿಯ ಮೈಯಲ್ಲಿ ಒಂದು ಸಣ್ಣ ನಡುಕ.

ನಾಯಿಯ ಹೆಸರು ಗೂಡಮ್ಮ. ರೇಷ್ಮೆಗೂಡಿನಷ್ಟೇ ಬೆಳ್ಳಗೆ, ಅಷ್ಟೇ ಹಗುರಾಗಿ ಮನೆಗೆ ಬಂದದ್ದರಿಂದ ಆ ಹೆಸರು. ಇಟ್ಟವರು ಹೊಂಗನೂರಿನ ಹನುಮಂತಯ್ಯನವರು. ಆದರೆ ಊರಿನಲ್ಲಿ ಯಾರಾದರೂ ಕೇಳಿದರೆ ಅದು ತಮ್ಮ ಹೆಂಡತಿಯ ನಾಯಿಯೆಂದು ಹೇಳಿಬಿಡುತ್ತಿದ್ದರು. ಹೆಂಡತಿ ವೆಂಕಟಲಕ್ಷ್ಮಮ್ಮನವರನ್ನು ಕೇಳಿದರೆ, ತಾನು ಉಣ್ಣುವ ಮೊದಲು ನಾಯಿಗೆ ಮೊಸರನ್ನ ಕಲಸುವ ಗಂಡಸು ಚನ್ನಪಟ್ಟಣ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆಂದೂ, ಆ ಹೆಸರನ್ನು ಮಾತ್ರ ತಾನು ಬಾಯಿಬಿಟ್ಟು ಹೇಳುವ ಹಾಗಿಲ್ಲವೆಂದೂ ನಾಚಿಕೊಳ್ಳದೆ ಹೇಳುತ್ತಿದ್ದರು.

ಬೆಳಗ್ಗೆ ಗೂಡಮ್ಮ ಏದುಸಿರು ಬಿಡುತ್ತಿದ್ದಾಗ ಬಿಸಿಲಿನ ಬೇಗೆಯೆಂದುಕೊಂಡರು. ಊಟದ ಹೊತ್ತಿಗೆ ಅದು ಕುಡಿದವರಂತೆ ತೂರಾಡಿತು. ಈಗ ನೆಲ ಹಿಡಿದಿತ್ತು. ವೆಂಕಟಲಕ್ಷ್ಮಮ್ಮನವರು ಹೊಟ್ಟೆಯ ಮೇಲೆ ಕೈಯಿಟ್ಟು ಥಟ್ಟನೆ ಹಿಂದೆ ತೆಗೆದರು, ಮೈ ಕೆಂಡವಾಗಿತ್ತು. ಡಾಕ್ಟರಿಗೆ ಫೋನು ಮಾಡಿ ಎಂದು ಗಂಡನಿಗೆ ಹೇಳಿ, ಕತ್ತಲಾಗುವತನಕ ಇದು ಉಳಿಯುವುದಿಲ್ಲ ಎಂದರು.

ಹೇಳುವುದು ಸುಲಭ. ಆದರೆ ಹನುಮಂತಯ್ಯನವರಿಗೂ ಡಾಕ್ಟರಿಗೂ ನಡುವೆ ಒಂದು ಗಾದೆ ಅಡ್ಡ ನಿಂತಿತ್ತು. ಅದನ್ನು ರಚಿಸಿದವರು ಸ್ವತಃ ಹನುಮಂತಯ್ಯನವರೇ.

ಹೋದ ವರ್ಷ ಕೆಳಗಿನ ಬೀದಿಯ ಬೈರೇಶ್ ಕುರಿ ಕಾಯುವ ತನ್ನ ನಾಯಿಯ ಕಾಲಿಗೆ ಮುಳ್ಳು ನಾಟಿ ಕೀವಾದಾಗ ಅದನ್ನು ಆಟೋದಲ್ಲಿ ಕೂರಿಸಿಕೊಂಡು ರಾಮನಗರಕ್ಕೆ ಹೋಗಿಬಂದಿದ್ದ. ಆ ಸಂಜೆ ಹಾಲಿನ ಡೈರಿಯ ಕಟ್ಟೆಯ ಮೇಲೆ, ಕ್ಯಾನು ಹಿಡಿದು ನಿಂತ ಇಡೀ ಸಾಲು ಕೇಳುವಂತೆ ಹನುಮಂತಯ್ಯನವರು ನುಡಿದಿದ್ದರು: "ನಾಯಿಗೆ ಡಾಕ್ಟ್ರು ಅಂದ್ಮೇಲೆ ಕೋಳಿಗೆ ನರ್ಸು." ಮಾತು ಅಲ್ಲೇ ಬಿದ್ದು ಒಣಗಬಹುದಿತ್ತು. ಒಣಗಲಿಲ್ಲ, ಬೇರು ಬಿಟ್ಟಿತು. ಯಾರಾದರೂ ಹೊಸ ಚಪ್ಪಲಿ ಮೆಟ್ಟಿದರೂ ಸರಿ, ಮನೆಗೆ ಎರಡನೆಯ ಫ್ಯಾನು ತಂದರೂ ಸರಿ, ಊರು ಅದನ್ನೇ ಹೇಳಿತು. ಚನ್ನಪಟ್ಟಣದ ಬಸ್ಸಿನಲ್ಲಿ ಕಂಡಕ್ಟರೂ ಹೇಳಿದನಂತೆ. ಸ್ವಂತ ತಮ್ಮನ ಮದುವೆಯಲ್ಲಿ ಬೈರೇಶ್ ಎರಡನೆಯ ಸಲ ಪಾಯಸ ಕೇಳಿದಾಗ ಬಡಿಸುವವನೂ ಅದನ್ನೇ ಅಂದ. ಗಾದೆಗೆ ಕರ್ತೃ ಸಿಕ್ಕುವುದು ಲೋಕದಲ್ಲಿ ಅಪರೂಪ. ಆ ಕೀರ್ತಿಯನ್ನು ಹನುಮಂತಯ್ಯನವರು ವರ್ಷವಿಡೀ ವಿನಯದಿಂದ ಅನುಭವಿಸಿದ್ದರು.

ಈಗ ಆ ಕೀರ್ತಿ ಹೊಸ್ತಿಲ ಮೇಲೆ ಕಾಲು ಮಡಚಿ ಕುಳಿತಿತ್ತು.

ಪಶುವೈದ್ಯರನ್ನು ತುರ್ತಾಗಿ ಕರೆಸಬೇಕಾದರೆ ಊರಿನಲ್ಲಿದ್ದ ದಾರಿ ಒಂದೇ: ಡೈರಿಯ ಸೆಕ್ರೆಟರಿ ಸ್ವಾಮಿಗೆ ಹೇಳುವುದು. ಅವರು ಚನ್ನಪಟ್ಟಣದ ಡಾಕ್ಟರಿಗೆ ತಿಳಿಸುವರು. ಹನುಮಂತಯ್ಯನವರು ಹಿತ್ತಿಲಿಗೆ ಹೋಗಿ, ಹುಣಿಸೆಮರದ ಮರೆಯಲ್ಲಿ ನಿಂತು ಫೋನು ಮಾಡಿದರು. ಮೈ ನಡುಗುತ್ತಿದೆ, ಕಾಲು ಸೆಟೆದುಕೊಂಡಿದೆ, ಎದ್ದು ನಿಲ್ಲಲಾಗುತ್ತಿಲ್ಲ, ಹೆತ್ತು ಇನ್ನೂ ತಿಂಗಳಾಗಿಲ್ಲ ಎಂದು ಇದ್ದುದನ್ನು ಇದ್ದಂತೆಯೇ ವಿವರಿಸಿದರು. ಸ್ವಾಮಿ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಯಾವ ಪ್ರಾಣಿ ಎಂದು ವಿಚಾರಿಸಿದರು.

ಹನುಮಂತಯ್ಯನವರು ಕೊಟ್ಟಿಗೆಯ ಕಡೆ ನೋಡಿದರು. ಅವರ ಸೀಮೆಹಸುವೂ ಅದೇ ತಿಂಗಳು ಕರು ಹಾಕಿತ್ತು.

"ಹಸ," ಎಂದರು.

ಅಷ್ಟುದ್ದದ ನಿವೇದನೆಯಲ್ಲಿ ಸುಳ್ಳಾಗಿದ್ದುದು ಆ ಎರಡಕ್ಷರ ಮಾತ್ರ. ಮಿಕ್ಕಿದ್ದೆಲ್ಲ ಅಪ್ಪಟ ಸತ್ಯ. ಡಾಕ್ಟರು ಒಬ್ಬರೇ ಸ್ಕೂಟರಿನಲ್ಲಿ ಬರುವರು, ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದು ಕಿವಿಯಲ್ಲಿ ನಿಜ ಹೇಳಿದರಾಯಿತು ಎಂಬುದು ಅವರ ಯೋಜನೆ. ಯೋಜನೆಯಲ್ಲಿ ದೋಷವಿರಲಿಲ್ಲ. ಆದರೆ ಹೊಂಗನೂರಿನಂಥ ಊರಿನಲ್ಲಿ ಮದುವೆಗೆ ಕರೆಯದೆ ಯಾರೂ ಬರುವುದಿಲ್ಲ, ಹಸುವಿಗೆ ಕಾಯಿಲೆಯೆಂದರೆ ಕರೆಯಲು ಯಾರೂ ಕಾಯುವುದಿಲ್ಲ ಎಂಬ ಚಿಕ್ಕ ಸಂಗತಿಯನ್ನು ಅವರು ಮರೆತಿದ್ದರು. ಸಂಜೆಯ ಹಾಲು ಹಾಕಲು ಜನ ಆಗಲೇ ಡೈರಿಯ ಮುಂದೆ ಸೇರಿದ್ದರು. ಸ್ವಾಮಿ ಡಾಕ್ಟರಿಗೆ ತಿಳಿಸಿದ ಮಾತು ಆ ಸಾಲಿಗೂ ತಲುಪಿತು. ಸಾಲು ಹಾಗೆಯೇ ತಿರುಗಿ, ಕ್ಯಾನುಗಳ ಸಮೇತ, ಹನುಮಂತಯ್ಯನವರ ಮನೆಯತ್ತ ನಡೆಯಿತು.

ಬರುವಾಗ ಯಾರೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬರ ಕೈಯಲ್ಲಿ ಬೆಲ್ಲದ ಅಚ್ಚು, ಒಬ್ಬರ ಬಳಿ ಹರಳೆಣ್ಣೆ, ಮತ್ತೊಬ್ಬರ ಹತ್ತಿರ ದನಕ್ಕೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟ. ಎಲ್ಲರಿಗಿಂತ ಹಿಂದೆ, ಕುರಿ ಸಾಕಿ ಹಣ್ಣಾದ ಪುಟ್ಟಲಿಂಗಯ್ಯಜ್ಜ ಕಂಬಳಿಯೊಳಗೆ ಏನನ್ನೋ ಅವುಚಿಕೊಂಡು ಬಂದರು. ಗುಂಪಿನ ನಟ್ಟನಡುವೆ ಬೈರೇಶ್ ಇದ್ದ.

ಅವನನ್ನು ಕಂಡದ್ದೇ ಹನುಮಂತಯ್ಯನವರು ಜಗಲಿಗೆ ಓಡಿ, ಗೂಡಮ್ಮನನ್ನೂ ಮರಿಗಳನ್ನೂ ಬಾಚಿ ಹೆಂಡತಿಯ ಮಡಿಲಿಗೆ ಹಾಕಿ, ಒಳಗೆ ಕಳಿಸಿ, ಬಾಗಿಲು ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತರು. ಹಸು ಕೊಟ್ಟಿಗೆಯಲ್ಲಿದೆ ಎಂದರು.

ಕೊಟ್ಟಿಗೆಯಲ್ಲಿ ಹಸು ನಿಂತಿತ್ತು. ಬರಿದೆ ನಿಂತಿರಲಿಲ್ಲ, ಪಂಚಾಯಿತಿಯ ಮುಂದಿನ ಧ್ವಜಸ್ತಂಭದಂತೆ ನಿಂತಿತ್ತು. ಕಣ್ಣು ಹೊಳೆಯುತ್ತಿತ್ತು, ಮೂಗಿನ ಮೇಲೆ ಬೆವರಿನ ಹನಿಯಿತ್ತು, ಬಾಯಿ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು. ಕರು ಬಾಲವೆತ್ತಿಕೊಂಡು ಒಂದು ಸುತ್ತು ಕುಣಿದು ಬಂದು ಎಲ್ಲರನ್ನೂ ಹೊಸಬರನ್ನು ನೋಡುವಂತೆ ನೋಡಿತು.

ಸ್ವಾಮಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತರುವಾಯ ಫೋನು ತೆಗೆದು, ಹನುಮಂತಯ್ಯನವರ ಎದೆ ಒಡೆಯುವಂತೆ, ಹಸು ಎದ್ದು ನಿಂತಿದೆಯೆಂದೂ, ಗಾಬರಿಯೇನೂ ಇಲ್ಲವೆಂದೂ, ದಾರಿಯಲ್ಲಿ ಬೇರೆ ಕೆಲಸವಿದ್ದರೆ ಮುಗಿಸಿಕೊಂಡೇ ಬರಬಹುದೆಂದೂ ಡಾಕ್ಟರಿಗೆ ತಿಳಿಸಿಬಿಟ್ಟರು.

ಅದೇ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ವೆಂಕಟಲಕ್ಷ್ಮಮ್ಮನವರ ದನಿ ಬಂತು. "ಏನಂದ್ರೆ, ಒಸಿ ಒಳೀಕ್ ಬನ್ನಿ. ಕಣ್ಗುಡ್ಡೆ ಮ್ಯಾಕೋಯ್ತಾವೆ."

ಗುಂಪು ಒಮ್ಮೆ ಕಿಟಕಿಯತ್ತ, ಒಮ್ಮೆ ಹಸುವಿನ ಕಣ್ಣಿನತ್ತ ನೋಡಿತು. ಹಸು ಎರಡೂ ಕಣ್ಣುಗಳಿಂದ ಗುಂಪನ್ನು ನೋಡಿತು.

ಹನುಮಂತಯ್ಯನವರು ಸ್ವಾಮಿಯ ಕೈ ಹಿಡಿದುಕೊಂಡರು. ಮತ್ತೆ ಫೋನು ಮಾಡಬೇಕು, ಡಾಕ್ಟರು ಎಲ್ಲೂ ನಿಲ್ಲದೆ ಓಡಿಬರಬೇಕು ಎಂದು ಬೇಡಿಕೊಂಡರು. ಸ್ವಾಮಿ, ಮೆಲುಕು ಹಾಕುತ್ತಿದೆಯಲ್ಲ ಎಂದು ತೋರಿಸಿದರು. ಅದೇ ಕೆಟ್ಟ ಲಕ್ಷಣ ಎಂದು ಹನುಮಂತಯ್ಯನವರು ವಾದಿಸಿದರು. ಕಿವಿ ಬೆಚ್ಚಗಿದೆಯಲ್ಲ ಎಂದರೆ, ಇನ್ನೇನು ತಣ್ಣಗಾಗುತ್ತದೆ ಎಂದರು. ಬೆಳಗ್ಗೆ ಇದೇ ಹಸುವಿನ ಹಾಲನ್ನು ತಾವೇ ಅಳೆದು ಹಾಕಿಸಿಕೊಂಡಿದ್ದೇವೆಂದರೆ, ಅದೇ ಕೊನೆಯ ಹಾಲು ಎಂದು ಬಿಕ್ಕಿದರು. ಕಿಟಕಿಯಾಚೆಯ ಆ ಪುಟ್ಟ ಉಸಿರನ್ನು ನೆನೆದು ಅವರ ಕಣ್ಣಿನಿಂದ ನೀರು ದಳದಳನೆ ಇಳಿಯಿತು. ಕಣ್ಣೀರು ಅಪ್ಪಟವಾದದ್ದೇ, ತಲುಪಿದ ವಿಳಾಸ ಮಾತ್ರ ತಪ್ಪಾಗಿತ್ತು.

ತಿಂಗಳಿಗೊಮ್ಮೆ ಡೈರಿಯ ಸಭೆಯಲ್ಲಿ ಎಲ್ಲರನ್ನೂ ಗದರುವ ಮನುಷ್ಯ ಹೀಗೆ ಅಳುವುದನ್ನು ಊರು ಕಂಡಿರಲಿಲ್ಲ. ಗುಂಪಿನ ಅಭಿಪ್ರಾಯ ಒಮ್ಮೆಗೇ ತಿರುಗಿತು. ಹಸುವಿನ ಆರೋಗ್ಯದ ಒಂದೊಂದು ಗುರುತೂ ಈಗ ಸಾವಿನ ಗುರುತಾಗಿ ಕಾಣತೊಡಗಿತು. ಆ ಹೊಳಪು ಸರಿಯಿಲ್ಲ ಎಂದು ಒಬ್ಬರೆಂದರು. ಅಷ್ಟು ನೆಟ್ಟಗೆ ಯಾವ ಹಸುವೂ ನಿಲ್ಲುವುದಿಲ್ಲ ಎಂದು ಇನ್ನೊಬ್ಬರೆಂದರು. ಪುಟ್ಟಲಿಂಗಯ್ಯಜ್ಜ ಮುಂದೆ ಬಂದು, ಬಹಳ ಹೊತ್ತು ನೋಡಿ, ತೀರ್ಪು ಕೊಟ್ಟರು:

"ಆರೋ ದೀಪ ಹಿಂಗೇ ಕಣ್ಲಾ ಉರಿಯೋದು. ಡಾಕ್ಟ್ರು ಬರಗಂಟ ತಡೆಯಾಕಿಲ್ಲ ಇದು. ಹಾಲುಜ್ವರ. ಕೆಚ್ಚಲಿಗೆ ಗಾಳಿ ಹೊಡೀಬೇಕು."

ಕಂಬಳಿಯೊಳಗಿನಿಂದ ಅವರು ಸೈಕಲ್ ಪಂಪನ್ನು ಹೊರತೆಗೆದರು.

ಅದು ಅವರ ಅಪ್ಪನ ಕಾಲದ ಚಿಕಿತ್ಸೆ. ಹಾಲುಜ್ವರ ಬಂದ ಹಸುವಿನ ಕೆಚ್ಚಲಿಗೆ ಗಾಳಿ ತುಂಬಿದರೆ ಹಾಲು ಇಳಿಯುವುದು ನಿಂತು ಹಸು ಏಳುವುದನ್ನು ಹಿಂದೆ ಕಣ್ಣಾರೆ ಕಂಡವರು ಅವರು. ಆದ್ದರಿಂದ ಅವರನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ವರು ಹಸುವಿನ ಕೊಂಬು ಹಿಡಿದರು. ಒಬ್ಬ ಬೆಲ್ಲದ ನೀರು ತುಂಬಿದ ಗೊಟ್ಟವನ್ನು ಅದರ ಬಾಯಿಗೆ ಇಟ್ಟ. ತಾನು ರೋಗಿಯೆಂಬುದು ಹಸುವಿಗೆ ಆಗ ಮೊದಲ ಸಲ ತಿಳಿಯಿತು.

ಹನುಮಂತಯ್ಯನವರು ಹಸುವಿನ ಹಿಂಭಾಗವನ್ನು ಎರಡೂ ತೋಳುಗಳಿಂದ ತಬ್ಬಿ ನಿಂತರು. ಗಾಳಿ ಬೇಡವೆಂದರು. ಡಾಕ್ಟರು ಬರಲಿ ಎಂದರು. ಒಂದು ಗಳಿಗೆಯ ಹಿಂದೆ ಸಾಯುತ್ತಿದೆಯೆಂದವರು ಈಗ ಕಾಯೋಣವೆನ್ನುವುದು ಯಾರಿಗೂ ಅರ್ಥವಾಗಲಿಲ್ಲ. ದುಃಖದಲ್ಲಿ ಬುದ್ಧಿ ಕದಡಿದೆಯೆಂದು ಇಬ್ಬರು ಅವರನ್ನು ಮೆಲ್ಲಗೆ ಬಿಡಿಸಲು ನೋಡಿದರು. ಒಳಗಿನಿಂದ ಮತ್ತೆ ಕರೆ ಬಂತು. ಈ ಸಲ ಅದರಲ್ಲಿ ಮಾತಿರಲಿಲ್ಲ, ಬರಿಯ ಕೂಗು. ಹೋದರೆ ಇಲ್ಲಿ ಪಂಪು, ನಿಂತರೆ ಅಲ್ಲಿ ಸಾವು. ಒಂದು ಸತ್ಯವನ್ನು ಹೇಳಿಬಿಟ್ಟರೆ ಎರಡೂ ತಪ್ಪುತ್ತಿದ್ದವು. ಆ ಸತ್ಯಕ್ಕೂ ಅವರ ನಾಲಗೆಗೂ ನಡುವೆ ಬೈರೇಶ್ ಕೈಕಟ್ಟಿ ನಿಂತಿದ್ದ.

ಆಗ ಬೀದಿಯಲ್ಲಿ ಸ್ಕೂಟರಿನ ಸದ್ದಾಯಿತು.

ಡಾಕ್ಟರ್ ಸಾನಾ ಎಳೆಯ ವಯಸ್ಸಿನವರು. ಚನ್ನಪಟ್ಟಣದವರೇ. ದಾರಿಯಲ್ಲಿ ಇನ್ನೊಂದು ಹಸುವನ್ನು ನೋಡಿಕೊಂಡು ಬಂದಿದ್ದರು. ಗುಂಪನ್ನು ಸರಿಸಿ, ಪಂಪಿನ ಕಡೆ ಒಮ್ಮೆ ನೋಡಿ, ಅದನ್ನು ಕೆಳಗಿಡುವಂತೆ ಅಜ್ಜನಿಗೆ ಮರ್ಯಾದೆಯಿಂದಲೇ ಹೇಳಿದರು. ಹಸುವಿನ ಕಿವಿ ಮುಟ್ಟಿದರು, ಹೊಟ್ಟೆಗೆ ಕಿವಿಗೊಟ್ಟರು, ಜ್ವರ ಅಳೆದರು. ಹಸು ಕೃತಜ್ಞತೆಯಿಂದ ಅವರ ಕೈ ನೆಕ್ಕಿತು. ಕಡೆಗೆ ಎದ್ದು ನಿಂತು, ಇಂಥ ಗಟ್ಟಿ ಹಸುವನ್ನು ಈ ತಿಂಗಳಲ್ಲಿ ತಾನು ನೋಡಿಯೇ ಇಲ್ಲ ಎಂದರು. ಗುಂಪಿನಲ್ಲಿ ತುಸು ನಿರಾಶೆ ಹಬ್ಬಿತು.

ಡಾಕ್ಟರು ಹನುಮಂತಯ್ಯನವರತ್ತ ತಿರುಗಿದರು. "ಯಜಮಾನ್ರೇ, ನೀವು ಕಣ್ಣಾರೆ ಕಂಡಿದ್ದೇನು, ಇನ್ನೊಂದು ಸಲ ಹೇಳಿ."

ಹನುಮಂತಯ್ಯನವರು ಹೇಳಿದರು. ನಡುಕ, ಸೆಟೆದ ಕಾಲು, ಏದುಸಿರು, ಮೇಲಕ್ಕೆ ಹೋಗುವ ಕಣ್ಣು. ಹೇಳುವಾಗ ಅವರ ದೃಷ್ಟಿ ಹಸುವಿನ ಮೇಲಿರಲಿಲ್ಲ. ಮುಚ್ಚಿದ ಬಾಗಿಲಿನ ಮೇಲಿತ್ತು. ಕೊನೆಗೆ, ಮೈಯಂತೂ ಕೆಂಡ ಎಂದರು.

ಡಾಕ್ಟರ ಮುಖ ಬಿಗಿಯಿತು. "ಹಾಲುಜ್ವರ ಬಂದ ಹಸು ತಣ್ಣಗಾಗುತ್ತೆ. ಕೆಂಡ ಆಗಲ್ಲ. ನೀವು ಹೇಳ್ತಿರೋದು ಹಸು ಅಲ್ಲ. ಯಾವುದು ಅದು? ಬೇಗ ಹೇಳಿ."

ಹನುಮಂತಯ್ಯನವರು ಬಾಯಿ ತೆರೆದರು. ಎದುರಿಗೆ ಬೈರೇಶ್. ಬಾಯಿ ಮುಚ್ಚಿದರು. ಮತ್ತೆ ತೆರೆದರು. ಒಂದು ಊರಿನ ಮುಂದೆ ನಾಯಿ ಎಂಬ ಪದವನ್ನು ಉಚ್ಚರಿಸಲು ಮನುಷ್ಯನೊಬ್ಬ ಪಟ್ಟ ಪಾಡನ್ನು ಹೊಂಗನೂರು ಉಸಿರು ಬಿಗಿಹಿಡಿದು ನೋಡಿತು.

ಬಾಗಿಲು ತೆರೆದದ್ದು ಅವರಲ್ಲ. ವೆಂಕಟಲಕ್ಷ್ಮಮ್ಮನವರು, ಹುಳುವಿಗೆ ಸೊಪ್ಪು ಹಾಕುವ ಬಿದಿರಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು. ತಟ್ಟೆಯ ಮೇಲೆ ಗೂಡಮ್ಮ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಬಿದ್ದಿತ್ತು, ಬಾಯಂಚಿನಲ್ಲಿ ನೊರೆ. ಅವರು ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು, ಡಾಕ್ಟರ ಕಾಲ ಬಳಿ ತಟ್ಟೆಯನ್ನಿಟ್ಟರು.

"ಹಸ ಇದೇ ಕಣವ್ವ."

ಅರ್ಥ ಮಾಡಿಕೊಳ್ಳಲು ಡಾಕ್ಟರು ಹೊತ್ತು ಕಳೆಯಲಿಲ್ಲ. ಮರಿಗಳೆಷ್ಟು ಎಂದು ಮಾತ್ರ ಕೇಳಿ ನೆಲಕ್ಕೆ ಕುಕ್ಕರಿಸಿದರು. ಮರಿಗಳು ಹಾಲಿನೊಡನೆ ತಾಯಿಯ ರಕ್ತದ ಸುಣ್ಣವನ್ನೆಲ್ಲ ಹೀರಿಬಿಟ್ಟಿವೆ ಎಂದರು. ಅದೇ ಸುಣ್ಣದ ಔಷಧ, ಹಸುವಿಗೆಂದು ತಂದ ಕ್ಯಾಲ್ಸಿಯಂ, ಚೀಲದಲ್ಲೇ ಇತ್ತು. ಅದರಿಂದ ತೀರ ಸ್ವಲ್ಪವನ್ನು ತೆಗೆದು ತಿಳಿಮಾಡಿಕೊಂಡರು. ಮುಂಗಾಲಿನ ರೋಮ ಬೋಳಿಸಿ, ದಾರದಷ್ಟು ಸಣ್ಣ ರಕ್ತನಾಳವನ್ನು ಹುಡುಕಿದರು. ಮೈಯ ಬಿಸಿ ಇಳಿಸಬೇಕಿತ್ತು. ಸೊಪ್ಪಿನ ರಾಶಿಯ ಮೇಲೆ ಹೊದಿಸಿದ್ದ ಒದ್ದೆ ಗೋಣಿತಾಟನ್ನು ಯಾರೋ ಓಡಿಹೋಗಿ ತಂದರು. ಕಾಲನ್ನು ಅಲುಗದಂತೆ ಹಿಡಿಯಲು ಹನುಮಂತಯ್ಯನವರಿಗೆ ಹೇಳಿದರು. ಅವರು ಹಿಡಿದರು, ಆದರೆ ಗೂಡಮ್ಮನ ಮುಖ ನೋಡುತ್ತಲೇ ಹಿಡಿತ ಸಡಿಲಿತು.

ಆಗ ಮತ್ತೊಂದು ಕೈ ಬಂದು ಆ ಕೈಯ ಮೇಲೆ ಬಲವಾಗಿ ಕೂತಿತು. ಬೈರೇಶನದು.

"ಗಟ್ಟಿಯಾಗಿ ಹಿಡ್ಕೊ ಅಣ್ಣ. ಅದ್ರ ಕಣ್ಣ ನೋಡ್ಬ್ಯಾಡ," ಎಂದ.

ಡಾಕ್ಟರು ಒಂದು ಕೈಯಲ್ಲಿ ಸಿರಿಂಜನ್ನೂ ಇನ್ನೊಂದರಲ್ಲಿ ಎದೆಗಿಟ್ಟ ಸ್ಟೆತಾಸ್ಕೋಪನ್ನೂ ಹಿಡಿದು ತಲೆ ತಗ್ಗಿಸಿದರು. ಅವಸರ ಮಾಡಿದರೆ ಈ ಔಷಧವೇ ಗುಂಡಿಗೆಯನ್ನು ನಿಲ್ಲಿಸುತ್ತದೆ, ತಡಮಾಡಿದರೆ ರೋಗ ನಿಲ್ಲಿಸುತ್ತದೆ, ಆದ್ದರಿಂದ ಯಾರೂ ಮಾತಾಡಬಾರದು ಎಂದರು. ಕೊಟ್ಟಿಗೆಯ ಮುಂದೆ ಹಾಲು ಕಾಯುತ್ತಿತ್ತು, ಕ್ಯಾನುಗಳ ಮೇಲೆ ಬಿಸಿಲು ಹಳದಿಗೆ ತಿರುಗಿತು, ಸ್ವಾಮಿಯ ಫೋನು ಎರಡು ಸಲ ಬಡಿದುಕೊಂಡು ತಾನಾಗಿಯೇ ಸುಮ್ಮನಾಯಿತು. ಒಂದು ಹನಿ. ಆಲಿಸುವುದು. ಮತ್ತೊಂದು ಹನಿ. ಒಮ್ಮೆ ಡಾಕ್ಟರು ಕೈ ತಡೆದು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಆಲಿಸುತ್ತಲೇ ಇದ್ದರು. ಅಷ್ಟು ಹೊತ್ತೂ ಹನುಮಂತಯ್ಯನವರ ಗುಂಡಿಗೆಯೂ ಅಪ್ಪಣೆಗಾಗಿ ಕಾದು ನಿಂತಿತ್ತು. ಆಮೇಲೆ ಹೆಬ್ಬೆರಳು ಮತ್ತೆ ಕೂದಲೆಳೆಯಷ್ಟು ಮುಂದೆ ಸರಿಯಿತು.

ಮೊದಲು ಸಡಿಲಿದ್ದು ಹಿಂಗಾಲು. ಆಮೇಲೆ ಕತ್ತು. ನಡುಕ ಅಲೆ ಇಳಿದಂತೆ ಇಳಿಯುತ್ತ, ಕಿವಿಯ ತುದಿಗೆ ಬಂದು ಅಲ್ಲೇ ತೀರಿಹೋಯಿತು. ಗೂಡಮ್ಮ ನಾಲಗೆಯನ್ನು ಒಳಗೆಳೆದುಕೊಂಡಿತು, ನುಂಗಿತು, ತನ್ನನ್ನು ಹಿಡಿದ ಎರಡು ಕೈಗಳನ್ನು ನೋಡಿ, ಯಾವುದು ಯಾರದೆಂದು ವಿಚಾರಿಸದೆ ಎರಡನ್ನೂ ನೆಕ್ಕಿತು.

ಗುಂಪು ಉಸಿರುಬಿಟ್ಟಿತು. ಪುಟ್ಟಲಿಂಗಯ್ಯಜ್ಜ ಪಂಪನ್ನು ಯಾರಿಗೂ ಕಾಣದಂತೆ ಕಂಬಳಿಯೊಳಕ್ಕೆ ಸೇರಿಸಿಕೊಂಡರು.

ಕೈ ತೊಳೆದುಕೊಳ್ಳುತ್ತ ಡಾಕ್ಟರು, ಕೋಪವನ್ನು ತೋರಗೊಡದೆ ಹೇಳಿದರು: "ನಾಯಿ ಅಂದಿದ್ರೆ ಎಲ್ಲೂ ನಿಲ್ಲದೆ ಬರ್ತಿದ್ದೆ ಯಜಮಾನ್ರೇ. ಹಸು ನಿಂತಿದೆ ಅಂದ್ರು, ಅದಕ್ಕೆ ತಡವಾಯ್ತು. ಇನ್ನೊಂದು ಸ್ವಲ್ಪ ಆಗಿದ್ರೆ ನಾನು ಬಂದೂ ಉಪಯೋಗ ಇರ್ತಿರಲಿಲ್ಲ."

ಹನುಮಂತಯ್ಯನವರು ತಲೆ ಬಗ್ಗಿಸಿದರು. ನಾಯಿಗೆ ಯಾರೂ ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ.

ಈಗ ಎಲ್ಲರೂ ಬೈರೇಶನನ್ನು ನೋಡಿದರು. ಇಡೀ ವರ್ಷ ನುಂಗಿದ್ದನ್ನು ಒಮ್ಮೆಗೇ ಉಗುಳುವ ಹಕ್ಕು ಅವನಿಗಿತ್ತು, ಅದನ್ನು ಕೇಳುವ ಹಕ್ಕು ಊರಿಗೂ ಇತ್ತು. ಬೈರೇಶ್ ಪಂಚೆಗೆ ಕೈ ಒರೆಸಿಕೊಂಡ. ಅವಸರ ಮಾಡಲಿಲ್ಲ.

"ಹನುಮಂತಣ್ಣ," ಎಂದ, "ಕೋಳಿಗಳೆಲ್ಲ ಹೆಂಗವೆ?"

"ಚೆನ್ನಾಗವೆ ಕಣ್ಲಾ," ಎಂದರು ಹನುಮಂತಯ್ಯನವರು, ಬೀಗರು ವಿಚಾರಿಸಿದಾಗ ಉತ್ತರಿಸುವಷ್ಟೇ ವಿಧೇಯತೆಯಿಂದ.

ಆ ಮೇಲೆ ಎದ್ದ ನಗುವಿಗೆ ಕರು ಬೆದರಿ ತಾಯಿಯ ಹೊಟ್ಟೆಯಡಿ ಸೇರಿಕೊಂಡಿತು. ನಗದೆ ಇದ್ದವರು ಸ್ವಾಮಿ ಒಬ್ಬರೇ. ತುರ್ತು ಸೇವೆ ಇರುವುದು ಸದಸ್ಯರ ಹಸುಗಳಿಗೆ. ನಾಳೆ ಮೇಲಿನವರು ಕೇಳಿದರೆ ಏನೆಂದು ಹೇಳುವುದು ಎಂಬ ಚಿಂತೆ ಅವರದು. ಅವರು ಕೊಟ್ಟಿಗೆಯತ್ತ ನೋಡಿದರು. ಹಸು ಗೊಟ್ಟದಿಂದ ಚೆಲ್ಲಿದ ಬೆಲ್ಲದ ನೀರನ್ನು ನೆಲದಿಂದ ನೆಕ್ಕುತ್ತ, ಮೊದಲಿಗಿಂತ ಗಟ್ಟಿಯಾಗಿ ನಿಂತಿತ್ತು.

"ಹಸ ಸುಧಾರಿಸ್ತು ಅಂತೀನಿ," ಎಂದು ನಿರ್ಧರಿಸಿದರು. "ಸುಳ್ಳೇನಲ್ವಲ್ಲ. ನಿಂತೈತೆ, ನೋಡಿ."

ಹೊರಡುವ ಮೊದಲು ಡಾಕ್ಟರು ಒಂದು ಕಟ್ಟಳೆ ವಿಧಿಸಿದರು. ಈ ರಾತ್ರಿ ಮರಿಗಳು ತಾಯಿಯ ಹಾಲು ಮುಟ್ಟಬಾರದು. ಮುಟ್ಟಿದರೆ ಮತ್ತೆ ಇದೇ ಕಥೆ. ಒಂದೇ ಮನೆಯಲ್ಲಿದ್ದರೆ ಅವುಗಳ ಕುಂಯ್‌ಗುಟ್ಟುವಿಕೆ ಕೇಳಿ ತಾಯಿ ಸುಮ್ಮನಿರುವುದಿಲ್ಲ. ಆದ್ದರಿಂದ ದೂರದ ಮನೆಯಲ್ಲಿಟ್ಟು, ತಾನು ಹೇಳಿದ ಹಾಲನ್ನು ಬಾಟಲಿಯಲ್ಲಿ ಕುಡಿಸಬೇಕು. ಬಾಟಲಿ ಎಲ್ಲಿದೆಯೆಂದು ಅವರು ಕೇಳಿದಾಗ, ತಬ್ಬಲಿ ಕುರಿಮರಿಗಳಿಗೆ ಹಾಲೂಡಿಸುವ ಮನೆ ಊರಿನಲ್ಲಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಬೈರೇಶ್, ಬರುವವರು ಬರಲಿ, ಬಾಗಿಲು ತೆರೆದೇ ಇಟ್ಟಿರುತ್ತೇನೆಂದು ಹೇಳಿ ಹೊರಟುಹೋದ.

ಸ್ಕೂಟರು ಹೋಯಿತು, ಕ್ಯಾನುಗಳು ಹೋದವು, ಬೀದಿಯ ದೀಪ ಹತ್ತಿತು. ಗೂಡಮ್ಮ ನಡುಮನೆಯಲ್ಲಿ ಹಳೆಯ ಸೀರೆಯ ಮೇಲೆ ಮಲಗಿ, ಒಂದು ಕಿವಿಯನ್ನು ಮಾತ್ರ ಎಚ್ಚರವಾಗಿಟ್ಟುಕೊಂಡಿತ್ತು. ವೆಂಕಟಲಕ್ಷ್ಮಮ್ಮನವರು ಬಿದಿರಿನ ಬುಟ್ಟಿಯಾದ ಮಂಕರಿಯಲ್ಲಿ ಮೂರು ಮರಿಗಳನ್ನು ಮಲಗಿಸಿ, ಮೇಲೆ ಟವೆಲು ಹೊದಿಸಿ, ಗಂಡನ ತಲೆಗೆ ಕೊಡಲು ಎತ್ತಿದರು. ಹನುಮಂತಯ್ಯನವರು ಹಿಂಜರಿದರು. ಕೆಳಗಿನ ಬೀದಿಯವರೆಗೆ ಎರಡೂ ಬದಿಯ ಜಗಲಿಗಳಲ್ಲಿ ಜನ ಕುಳಿತಿರುವರೆಂದರು. ಹೆಂಗಸರು ಹೋದರೆ ನೋಡುವವರಿಗೆ ಸಹಜವಾಗಿ ಕಾಣುತ್ತದೆ ಎಂದರು. ನೀನೇ ಹೋಗಬಾರದೇ ಎಂದು, ಎಲ್ಲಕ್ಕಿಂತ ಮೆತ್ತಗೆ ಕೇಳಿದರು.

ಮಂಕರಿಯೊಳಗೆ ಒಂದು ಮರಿ ಕುಂಯ್ಯೆಂದಿತು. ಒಳಗೆ ಗೂಡಮ್ಮ ತಲೆಯೆತ್ತಿತು.

"ನಾನು ಹಸ ನೋಡ್ಕತೀನಿ," ಎಂದರು ವೆಂಕಟಲಕ್ಷ್ಮಮ್ಮನವರು. "ನೀವು ಕರ ತಗೊಂಡೋಗಿ."

ಮಂಕರಿ ತಲೆಯ ಮೇಲೆ ಬಂತು. ಹನುಮಂತಯ್ಯನವರು ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟರು. ಹಿಂದೆ, ಸದ್ದಾಗದಂತೆ, ಬಾಗಿಲು ಮುಚ್ಚಿತು.